ಮಗಳ ಮದುವೆಯ ತನಕ

ನನ್ನ ಗಂಡ ಬಿಟ್ಟ ಕುಡಿತವನ್ನು ಮತ್ತೆ ಹಿಡಿದದ್ದು ನನ್ನಿಂದ. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಅವರ ಮನಸ್ಸು ಗಟ್ಟಿಯಿಲ್ಲ ಎಂದು ಬಳಗದವರು ಅಂದರು, ಹಣೆಬರಹ ಅಂದರು, ಬೀಗರ ಕಡೆಯವರು ಕೆಡಿಸಿದರು ಎಂದೂ ಅಂದರು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಎಲ್ಲದಕ್ಕೂ ಹೂಂಗುಟ್ಟಿದೆ. ಆದರೆ ಅವರು ಯಾವ ದಿನ ಕುಡಿಯಬೇಕೆಂದು ಗೊತ್ತು ಮಾಡಿದವಳು ನಾನು. ಆ ದಿನ ಅವರನ್ನು ಹಿಡಿದು ನಿಲ್ಲಿಸಬಹುದಾಗಿದ್ದ ಒಬ್ಬನೇ ಒಬ್ಬ ಮನುಷ್ಯನ ದನಿ ಅವರ ಕಿವಿಗೆ ಬೀಳದಂತೆ ಮಾಡಿದವಳೂ ನಾನೇ. ಮೊದಲನೆಯದನ್ನು ಸುಳ್ಳು ಎನ್ನಬಹುದು. ಎರಡನೆಯದಕ್ಕೆ ಏನು ಹೆಸರೋ — ನನಗಿನ್ನೂ ಗೊತ್ತಾಗಿಲ್ಲ.

ಹೊಸಪೇಟೆಯಲ್ಲಿ ನಮ್ಮದು ಕಬ್ಬಿಣದ ಸಾಮಾನಿನ ಅಂಗಡಿ. ಗಂಡನ ಮೂಲ ಮನೆ ಕಂಪ್ಲಿ. ಅಲ್ಲಿ ಭಾವನವರು ಅಕ್ಕಿ ಗಿರಣಿ ನಡೆಸುತ್ತಾರೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ತಗ್ಗಿದ ದನಿ, ದುಂಡಗಿನ ಅಕ್ಷರ, ಮಡಿಕೆ ಕೆಡದ ಬಟ್ಟೆ — ಇವನ್ನು ಸಿಸ್ಟರುಗಳು ಕಲಿಸಿದರು. ಮನೆಯ ಮಾತು ಹೊಸಿಲು ದಾಟಬಾರದು ಎನ್ನುವುದನ್ನು ಅವರು ಕಲಿಸಲಿಲ್ಲ. ಅದು ನಾನೇ ಕಲಿತದ್ದು. ಮದುವೆಯಾದ ಇಪ್ಪತ್ತನಾಲ್ಕು ವರ್ಷ ಅದರಲ್ಲಿ ನಾನು ಒಮ್ಮೆಯೂ ತಪ್ಪಲಿಲ್ಲ.

ನಮ್ಮವರ ಕುಡಿತ ಗದ್ದಲದ್ದಲ್ಲ. ಬೀದಿಯಲ್ಲಿ ಬಿದ್ದವರಲ್ಲ, ಕೈ ಎತ್ತಿದವರಲ್ಲ. ಅಂಗಡಿ ಮುಚ್ಚಿದ ಮೇಲಿನದು ನಿಧಾನವಾಗಿ ಊಟಕ್ಕೆ ಮೊದಲಿನದಾಯಿತು, ಆಮೇಲೆ ಸ್ನಾನಕ್ಕೂ ಮೊದಲಿನದಾಯಿತು. ಬಾಯಲ್ಲಿ ಸದಾ ಏಲಕ್ಕಿ ಇರುತ್ತಿತ್ತು. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗಲಿಲ್ಲ. ನಾನು ಹಾಕುತ್ತಿದ್ದಾಗ ಗೋಡೆಯ ಕಡೆ ನೋಡಿ, "ಇರುವಿ ನೋಡು, ಎಷ್ಟು ಇರುವಿ" ಎಂದರು. ಗೋಡೆಯ ಮೇಲೆ ಏನೂ ಇರಲಿಲ್ಲ.

ದೂರದ ಊರಿನ ವ್ಯಸನಮುಕ್ತಿ ಕೇಂದ್ರದಲ್ಲಿ ಐದು ವಾರ ಇಟ್ಟೆವು. ಬೆನ್ನುನೋವಿನ ಚಿಕಿತ್ಸೆಗೆ ಹೋಗಿದ್ದಾರೆ ಎಂದು ಎಲ್ಲರಿಗೂ ಹೇಳಿದೆ. ಪ್ರತಿ ಶನಿವಾರ ಅಲ್ಲಿ ಮನೆಯವರಿಗೂ ಒಂದು ತರಗತಿ ಇರುತ್ತಿತ್ತು. ಅದನ್ನು ನಡೆಸುತ್ತಿದ್ದ ಹೆಣ್ಣುಮಗಳು ಒಂದು ಮಾತನ್ನು ಮೂರು ಸಲ ಹೇಳಿದಳು: "ಅವರ ಪರವಾಗಿ ನೀವು ಸುಳ್ಳು ಹೇಳಬ್ಯಾಡ್ರಿ. ಅವರ ಮಾತು ಅವರು ಆಡ್ಲಿ." ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಸ್ಕೇಲಿಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಆ ಪುಸ್ತಕ ಇನ್ನೂ ಬೀರುವಿನಲ್ಲಿದೆ. ಗೆರೆ ಒಂದಿಷ್ಟೂ ಸೊಟ್ಟಗಿಲ್ಲ.

ವಾಪಸ್ಸು ಬಂದವರು ಬೇರೆಯೇ ಮನುಷ್ಯ. ದೊಡ್ಡ ಮಾತಿಲ್ಲ, ಆಣೆ-ಪ್ರಮಾಣವಿಲ್ಲ. ಸಣ್ಣ ಸಣ್ಣ ಕೆಲಸಗಳು. ಜೇಬಿನಲ್ಲಿ ಶೇಂಗಾ-ಬೆಲ್ಲ ಇಟ್ಟುಕೊಳ್ಳುತ್ತಿದ್ದರು, ಹಸಿವು ಆಗಗೊಡಬಾರದಂತೆ. ಹಳೆಯ ಬಾರ್ ಇರುವ ರಸ್ತೆ ಬಿಟ್ಟು ಕಾಲುವೆಯ ದಂಡೆ ಹಿಡಿದು ಅಂಗಡಿಗೆ ಹೋಗುತ್ತಿದ್ದರು; ಹತ್ತು ನಿಮಿಷ ಹೆಚ್ಚಾದರೂ ಸರಿ. ಸಂಜೆ ಆರಕ್ಕೆ ಮುಖ ತೊಳೆಯುವಾಗ ಬೆರಳು ಮಡಿಸಿ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು — ಹಸಿವಾಗೈತೇನು, ಸಿಟ್ಟು ಬಂದೈತೇನು, ಒಬ್ಬನ ಆಗೀನೇನು, ದಣಿವಾಗೈತೇನು. ಭಾನುವಾರ ಒಂದು ಶಾಲೆಯ ಮಹಡಿಯ ಕೋಣೆಯಲ್ಲಿ ಕುಡಿತ ಬಿಟ್ಟವರ ಸಭೆ. ಮತ್ತೆ ಕನ್ನಡಿಯ ಮುಂದೆ ಒಂದು ವಾಕ್ಯವನ್ನು ಅಭ್ಯಾಸ ಮಾಡುತ್ತಿದ್ದರು: "ನಾ ಕುಡಿಯಂಗಿಲ್ಲ. ನನಗದು ಕಾಯಿಲೆ." ಹಲ್ಲುಜ್ಜುವ ಮಗುವಿನ ಹಾಗೆ ದಿನವೂ ಅದೇ ವಾಕ್ಯ. ಬಾಗಿಲ ಮರೆಯಲ್ಲಿ ನಿಂತು ಕೇಳಿದಾಗ ನನಗೆ ನಾಚಿಕೆಯಾಗುತ್ತಿತ್ತು. ಸಂತೋಷವಾಗಬೇಕಿತ್ತು — ಆಗಲಿಲ್ಲ.

ಈ ಎಲ್ಲದರ ಹಿಂದೆ ಇದ್ದವರು ಹನುಮಂತಣ್ಣ. ಸಂಡೂರು ತಾಲ್ಲೂಕಿನ ಚೋರನೂರಿನವರು, ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಕೆಲಸ. ಕುಡಿತ ಬಿಟ್ಟು ಏಳು ವರ್ಷವಾಗಿತ್ತು. ಸಭೆಯಲ್ಲಿ ಹಳಬರು ಹೊಸಬರಿಗೆ ಜೊತೆಯಾಗುತ್ತಾರೆ. ಇವರಿಗೆ ಅವರು ಜೊತೆಯಾದರು. ಶಿಫ್ಟು ಮುಗಿದ ಮೇಲೆ ದಿನಾ ಒಂದು ಫೋನು. ಕುಡಿಯಬೇಕು ಅನ್ನಿಸಿದರೆ ಮೊದಲು ನನಗ ಮಾಡ್ರಿ, ಆಮ್ಯಾಲ ಕುಡೀರಿ — ಇದು ಅವರ ಕರಾರು. ಫೋನು ಮಾಡಿ ಮಾತಾಡಿದ ಮೇಲೆ ಕುಡಿಯುವುದು ಆಗುತ್ತಿರಲಿಲ್ಲ. ಕರಾರಿನ ಗುಟ್ಟು ಅಷ್ಟೇ.

ಆಗಾಗ ಮನೆಗೂ ಬರುತ್ತಿದ್ದರು. ಬೂಟಿಗೆ ಅಂಟಿದ ಕೆಂಪು ಧೂಳು ನನ್ನ ಹಾಲಿನ ಬಿಳಿ ಕಲ್ಲಿನ ಮೇಲೆ ಹೆಜ್ಜೆ ಮೂಡಿಸುತ್ತಿತ್ತು. ಅವರು ಗೇಟು ದಾಟುವ ಮೊದಲೇ ನಾನು ಒದ್ದೆ ಬಟ್ಟೆ ಹಿಡಿದಿರುತ್ತಿದ್ದೆ. ಅವರಿಗೆ ಚಹಾ ಕೊಡುತ್ತಿದ್ದದ್ದು ಕಾಗದದ ಲೋಟದಲ್ಲಿ. ಉಳಿದವರಿಗೆಲ್ಲ ಸ್ಟೀಲಿನ ಲೋಟ. ಬಂದು ಹೋಗುವವರಿಗೆ ಅನುಕೂಲ ಎಂದು ನನಗೇ ಹೇಳಿಕೊಂಡೆ. ಅವರು ಕುಡಿದು ಲೋಟ ಮುದುಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಇರ್ಲಿ ಅಕ್ಕಾರ, ನಾನ ಒಗೀತೀನಿ ಹೊರಗ." ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಎಲ್ಲ ಗೊತ್ತಿದ್ದವರ ಮುಖ ಹಾಗೆಯೇ ಇರುತ್ತದೆ.

ಇನ್ನು ಆ ಸುಳ್ಳಿನ ದಿನ. ಕಂಪ್ಲಿಯಲ್ಲಿ ಗಿರಣಿಗೆ ಹೊಸ ಯಂತ್ರ ಬಂದಿತ್ತು, ಪೂಜೆ, ಊಟ. ಊಟದ ಹೊತ್ತಿಗೆ ಗಂಡಸರು ಗೋದಾಮಿನ ಹಿಂದಿನ ಕೋಣೆಗೆ ಹೋಗಿ ಬರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತು. ಚಿಕ್ಕಪ್ಪನ ಮಗನೊಬ್ಬ ಇವರ ಹೆಗಲಿಗೆ ಕೈ ಹಾಕಿದ. "ಏನ್ ವೀರೇಶಣ್ಣ, ಬೆನ್ನುನೋವಿನ ಡಾಕ್ಟ್ರು ಗಂಟಲಕ್ಕೂ ಬೀಗ ಹಾಕ್ಯಾನೇನು?" ಎಲ್ಲರೂ ನಕ್ಕರು. ನಮ್ಮವರು ಎದ್ದು ನಿಂತರು. ಅವರ ಎದೆ ಒಮ್ಮೆ ಮೇಲೆದ್ದು ಇಳಿದದ್ದು ನನಗೆ ಕಂಡಿತು. ಕನ್ನಡಿಯ ಮುಂದಿನ ವಾಕ್ಯ ಈಗ ಬರುತ್ತದೆ ಎಂದು ಗೊತ್ತಾಯಿತು. "ನಾ ಕುಡಿಯಂಗಿಲ್ಲ," ಎಂದರು. "ನನಗದು..."

ನಾನು ನಡುವೆ ಬಾಯಿ ಹಾಕಿದೆ. "ಅವರು ಹರಕಿ ಹೊತ್ತಾರ."

ಗಂಡಸರ ಮಾತಿನ ನಡುವೆ ನಾನು ಎಂದೂ ಬಾಯಿ ಹಾಕಿದವಳಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಸಂಡೂರಿನ ಕುಮಾರಸ್ವಾಮಿಗೆ ಹರಕೆ ಎಂದೆ. ಯಾಕೆ ಆ ದೇವರ ಹೆಸರೇ ಬಂತು? ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲದ ಗುಡಿ ಅದು. ನೀನು ಪಕ್ಕದಲ್ಲಿ ನಿಂತು ನೋಡಿದೆಯಾ ಎಂದು ಯಾರೂ ನನ್ನನ್ನು ಕೇಳಲಾರರು. ಅಷ್ಟೊಂದು ಲೆಕ್ಕಾಚಾರ ಒಂದು ಕ್ಷಣದಲ್ಲಿ ನನ್ನ ತಲೆಗೆ ಹೊಳೆಯಿತು.

ನೆಗೆಣ್ಣಿ ಗಿರಿಜಕ್ಕ, ಭಾವನವರ ಹೆಂಡತಿ, ಹೋಳಿಗೆ ಬಡಿಸುತ್ತಿದ್ದವರು ಕೈ ತಡೆದು ಕೇಳಿದರು: "ಒಳ್ಳೇದಾತು ಬಿಡು. ಎಲ್ಲೀತನಕ?"

ನಾನು ಅಲ್ಲಿ ತಡವರಿಸಿದೆ. ಸಾಯುವ ತನಕ ಎಂದರೆ ಅದು ಕಾಯಿಲೆಯಂತೆ ಕೇಳಿಸುತ್ತದೆ. ಒಂದು ಗಡುವು ಇದ್ದರೆ ಭಕ್ತಿ. "ಸಹನಾನ ಮದುವಿ ಆಗೋತನಕ," ಎಂದುಬಿಟ್ಟೆ.

ಗಿರಿಜಕ್ಕನ ಕಣ್ಣು ತುಂಬಿ ಬಂತು. ಮಗಳಿಗಾಗಿ ಬಿಟ್ಟ ಅಪ್ಪ! ನಗುತ್ತಿದ್ದವರು ಸುಮ್ಮನಾದರು. ನಮ್ಮವರು ಕುಳಿತು, ಎಲೆಯ ಅಂಚನ್ನು ಬೆರಳಿಂದ ನೆಟ್ಟಗೆ ಮಾಡತೊಡಗಿದರು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಕಮಲಾಪುರದ ಹತ್ತಿರ ಬಂದ ಮೇಲೆ ಕೇಳಿದರು: "ಶೈಲಾ, ನನ್ನ ಮಾತು ನೀ ಯಾಕ ಆಡಿದಿ?"

"ಮಗಳ ಮದುವಿ ಆಗಬೇಕಲ್ರಿ," ಎಂದೆ.

ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಕನ್ನಡಿಯ ಮುಂದೆ ನಿಂತು ಆಡುವುದನ್ನೂ ಬಿಟ್ಟರು. ನನಗೆ ಆಗ ಅದು ನೆಮ್ಮದಿ ಅನ್ನಿಸಿತು — ಇದನ್ನೂ ಬರೆಯಲೇಬೇಕು.

ಸುಳ್ಳು ನನ್ನನ್ನು ಬಿಟ್ಟು ತಾನೇ ಊರೂರು ತಿರುಗಿತು. ಸಹನಾಗೆ ಸಂಬಂಧ ಕೂಡಿಬಂದಾಗ ಗಂಡಿನವರಿಗೆ ಮೊದಲು ತಲುಪಿದ್ದೇ ಹರಕೆಯ ಸುದ್ದಿ. "ಇಂಥಾ ತಂದಿ ಹೊಟ್ಟ್ಯಾಗ ಹುಟ್ಟಿದ ಹುಡುಗಿ ಅಂದ್ರ ಮತ್ತೇನ್ ನೋಡೋದೈತಿ" ಎಂದು ಗಂಡಿನ ಸೋದರಮಾವ ನಮ್ಮ ಹಾಲಿನಲ್ಲೇ ಹೇಳಿದರು. ಆ ಹೊತ್ತಿಗೆ ಹನ್ನೊಂದು ತಿಂಗಳಿಂದ ನಮ್ಮವರು ಒಂದು ಹನಿ ಮುಟ್ಟಿರಲಿಲ್ಲ. ಆದರೆ ಮದುವೆ ಗೊತ್ತಾದ ದಿನದಿಂದ ಮಾತು ತಿರುಗಿತು. "ಇನ್ನ ಒಂದು ತಿಂಗಳು ತಡಕೊಳ್ಳಪ್ಪ." "ಇನ್ನ ಹತ್ತ ದಿನ. ನಿನ್ನ ಸಲುವಾಗಿ ಛಲೋದು ತೆಗೆದಿಟ್ಟೀನಿ." ಕಂಪ್ಲಿಯಿಂದ ಬಂದವರೆಲ್ಲ ಬೆನ್ನು ತಟ್ಟಿ ದಿನ ಎಣಿಸುವರು. ಇವರ ಕಾಯಿಲೆಗೆ ಕೊನೆಯ ದಿನವಿಲ್ಲ ಎಂದು ಕೇಂದ್ರದಲ್ಲಿ ಹೇಳಿ ಕಳಿಸಿದ್ದರು. ಇವತ್ತೊಂದು ದಿನ, ನಾಳೆ ಮತ್ತೊಂದು, ಅಷ್ಟೇ. ನಾನು ಅದಕ್ಕೊಂದು ಕೊನೆಯ ದಿನ ಮಾಡಿಕೊಟ್ಟಿದ್ದೆ. ಲಗ್ನಪತ್ರಿಕೆಯಲ್ಲಿ ಅಚ್ಚೂ ಆಗಿತ್ತು.

ಆ ದಿನಗಳಲ್ಲಿ ಅವರು ಮೆಲ್ಲಮೆಲ್ಲಗೆ ಸವೆದದ್ದು ನಾನು ಕಂಡೆ. ಜೇಬಿನ ಶೇಂಗಾ ಹಾಗೇ ಉಳಿದು ಒಗೆಯುವ ಬಟ್ಟೆಯಲ್ಲಿ ಸಿಗುತ್ತಿತ್ತು. ಸಣ್ಣದಕ್ಕೆಲ್ಲ ಸಿಡುಕು. ಭಾನುವಾರದ ಸಭೆಗೆ ಹೊರಟರೆ ನಾನೇ, "ಈ ವಾರ ಒಂದು ಬಿಡ್ರಿ, ಸೀರಿ ತರಾಕ ಹೋಗೋದೈತಿ" ಎನ್ನುತ್ತಿದ್ದೆ. ಹಾಗೆ ನಾಲ್ಕು ಭಾನುವಾರ ಹೋದವು. ಅವರು ತಮ್ಮ ಕೈಯಾರೆ ಹನುಮಂತಣ್ಣನ ಹೆಸರು ಬರೆದಿಟ್ಟ ಲಗ್ನಪತ್ರಿಕೆಯನ್ನು ನಾನು ಕಟ್ಟಿನಿಂದ ತೆಗೆದು ದೇವರ ಕೋಣೆಯ ಹಲಗೆಯ ಕೆಳಗೆ ಇಟ್ಟೆ.

ಒಂದು ಮಧ್ಯಾಹ್ನ ಇವರು ಅಂಗಡಿಯಲ್ಲಿದ್ದಾಗ ಹನುಮಂತಣ್ಣ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಹತ್ತಿರವೇ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತರು. ಮದುವೆಯ ದಿನ ತಾವು ಇವರ ಪಕ್ಕದಲ್ಲಿರುವುದಾಗಿ, ಶಿಫ್ಟು ಬದಲಿಸಿಕೊಂಡಿರುವುದಾಗಿ ಹೇಳಿದರು. ಈ ಹನುಮಂತಣ್ಣ ಯಾರು ಎಂದು ಗಂಡಿನವರು ಕೇಳಿದರೆ ಏನು ಹೇಳಲಿ? ಕೆಂಪು ಬೂಟು, ಒಡೆದ ಕೈ, ಜೋರು ದನಿ — ಮತ್ತು ಯಾರು ಕೇಳಿದರೂ ಅಳುಕಿಲ್ಲದೆ "ನಾ ಕುಡುಕ ಇದ್ನ್ರಿ" ಎಂದುಬಿಡುವ ಆ ನಾಲಿಗೆ!

"ಅವತ್ತೊಂದಿನ ಬ್ಯಾಡ್ರಿ ಅಣ್ಣಾರ," ಎಂದೆ. "ಎಲ್ಲಾ ಮುಗದ ಮ್ಯಾಲ ನಿಧಾನ ಬರ್ರಿ. ಊಟ ಮಾಡಿಕೊಂಡು ಹೋಗೀರಂತ."

ಅವರು ಹೆಲ್ಮೆಟ್ಟನ್ನು ಮೆಟ್ಟಿಲ ಮೇಲಿಟ್ಟರು. "ಅಕ್ಕಾರ, ಊಟಕ್ಕ ಬರಾಕತ್ತಿಲ್ರಿ ನಾ. ವರ್ಷದಾಗ ಒಂದಿನ ನಾ ಅವರ ಬಾಜೂ ಇರಬೇಕಂದ್ರ ಅದು ಅವತ್ತಿನ ದಿನ."

"ನಾ ಇರ್ತೀನಲ್ರಿ," ಎಂದೆ.

"ಆತ್ರಿ," ಎಂದರು. "ಹಂಗಾರ ಫೋನ್ ಮಾಡ್ತೀನಿ. ಅದನ್ನಾರ ಎತ್ತಾಕ ಹೇಳ್ರಿ."

ಮದುವೆಯ ದಿನ. ಧಾರೆಗೆ ಮೊದಲು ಫೋಟೋದವನು ಇವರ ರೇಷ್ಮೆ ಜುಬ್ಬದ ಜೇಬು ಉಬ್ಬಿ ಕಾಣುತ್ತದೆ ಎಂದ. ಇವರು ಫೋನು ತೆಗೆದು ನನ್ನ ಕೈಗಿಟ್ಟರು. "ಹನುಮಂತ ಮಾಡಿದ್ರ ಕೊಡು. ಯಾವ ಕೆಲಸದಾಗ ಇದ್ರೂ ಕೊಡು."

ನಾನು ಅದರ ಸದ್ದಡಗಿಸಿ ಬ್ಯಾಗಿನಲ್ಲಿ ಹಾಕಿಕೊಂಡೆ.

ಮೊದಲ ಕರೆ ಅಕ್ಷತೆಯ ಹೊತ್ತಿಗೆ ಬಂತು. ಬ್ಯಾಗು ನನ್ನ ಪಕ್ಕೆಗೆ ಒತ್ತಿಕೊಂಡಿತ್ತು. ಒಳಗೆ ಜೀವವೊಂದು ಒದ್ದಾಡಿದಂತೆ ನಡುಗಿತು. ವಾದ್ಯ ಜೋರಾಗಿತ್ತು, ಆಗ ಎತ್ತದಿದ್ದದ್ದನ್ನು ಯಾರೂ ತಪ್ಪೆನ್ನಲಾರರು. ಎರಡನೆಯದು ಬೀಗರನ್ನು ಊಟಕ್ಕೆ ಕೂರಿಸುವಾಗ. ಹೆಸರು ನೋಡಿದೆ, ಬ್ಯಾಗಿನ ಜಿಪ್ಪು ಎಳೆದೆ. ಮೂರನೆಯದಕ್ಕೆ ನೋಡಲೇ ಇಲ್ಲ; ಗೊತ್ತಿತ್ತು.

ಊಟದ ಎರಡನೆಯ ಪಂಕ್ತಿ ನಡೆಯುತ್ತಿದ್ದಾಗ ಗಂಡಿನ ಸೋದರಮಾವ ಇವರ ತೋಳು ಹಿಡಿದು ಮೆಟ್ಟಿಲ ಕಡೆ ನಡೆಸಿದರು. ಮಹಡಿಯ ಮೇಲೆ ಅವರಿಗೆ ಕೊಟ್ಟಿದ್ದ ಕೋಣೆಗಳು. ಹಿಂದೆ ಕಂಪ್ಲಿಯ ನಾಲ್ಕು ಜನ. "ತಾಳಿ ಬಿತ್ತು, ಹರಕಿ ತೀರಿತು! ಇನ್ನ ಯಾತರ ನೆಪ ಹೇಳ್ತೀರಿ ಬೀಗರ? ನಮ್ಮ ಕೈಲೇ ಹರಕಿ ಬಿಡಸ್ತೀವಿ, ಬರ್ರಿ." ಸಂತೋಷದಲ್ಲಿದ್ದರು ಆ ಮನುಷ್ಯ. ಮರ್ಯಾದೆ ಮಾಡುತ್ತಿದ್ದೇನೆ ಎಂದೇ ಅವರು ತಿಳಿದದ್ದು. ಅವರ ಮೇಲೆ ನಾನು ಯಾವ ತಪ್ಪನ್ನೂ ಹಾಕಲಾರೆ. ಹರಕೆ ತೀರಿದ ಮೇಲೆ ಅದನ್ನು ಬಿಡಿಸುವುದು ಬಳಗದವರ ಕೆಲಸ. ನಾವೆಲ್ಲ ಹಾಗೇ ಬೆಳೆದವರು.

ಮೆಟ್ಟಿಲ ಹತ್ತಿರ ನಮ್ಮವರು ತೋಳು ಬಿಡಿಸಿಕೊಂಡು ನನ್ನ ಬಳಿ ಬಂದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ಹನುಮಂತ ಮಾಡಿದ್ನೇನು?"

ಸುತ್ತ ಬೀಗಿತ್ತಿಯರು ನಿಂತಿದ್ದರು. ಗಿರಿಜಕ್ಕ ಎಲೆ-ಅಡಿಕೆಯ ತಟ್ಟೆ ಹಿಡಿದಿದ್ದರು. ಬ್ಯಾಗು ನನ್ನ ಕೈಯಲ್ಲೇ ಇತ್ತು.

"ಇಲ್ಲ," ಎಂದೆ.

ಅಷ್ಟೇ. ಒಂದು ಮಾತು. ಅವರು ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಮೇಲಿನ ಬಾಗಿಲು ಹಾಕಿಕೊಂಡ ಸದ್ದು ಕೇಳುವ ಮೊದಲೇ ಬ್ಯಾಗು ನಾಲ್ಕನೆಯ ಸಲ ನಡುಗಿತು.

ಯಾಕೆ ಹಾಗೆಂದೆ? ಬೀಗರ ಮುಂದೆ ಮಾನ ಹೋಗುತ್ತದೆಂದು — ಹೌದು. ಮಗಳ ಬಾಳು — ಹೌದು. ಆದರೆ ಅದರ ಅಡಿಯಲ್ಲಿ ಇನ್ನೊಂದಿದೆ, ಅದನ್ನು ಬರೆಯಲು ನನ್ನ ಪೆನ್ನು ಹಿಂದೆಗೆಯುತ್ತದೆ. ಇಪ್ಪತ್ತನಾಲ್ಕು ವರ್ಷದಲ್ಲಿ ನಮ್ಮವರು ನನಗೆ ಆಡದ ಮಾತುಗಳನ್ನು ಆ ಮನುಷ್ಯನಿಗೆ ಆಡುತ್ತಿದ್ದರು. ಹಿತ್ತಿಲಲ್ಲಿ ಅತ್ತಿಂದಿತ್ತ ನಡೆಯುತ್ತ, ಫೋನಿನಲ್ಲಿ, ಅರ್ಧ ಗಂಟೆ. ಅಳುತ್ತಿದ್ದರು ಕೂಡ. ನನ್ನ ಮುಂದೆ ಒಮ್ಮೆಯೂ ಅತ್ತವರಲ್ಲ. ಹೊತ್ತುಹೊತ್ತಿಗೆ ಬಿಸಿ ರೊಟ್ಟಿ ಹಾಕಿದವಳು ನಾನು, ವಾಂತಿ ಬಳಿದವಳು ನಾನು, ಗುಂಡಿ ಹಾಕಿದವಳು ನಾನು — ಬದುಕಿಸಿದವನು ಅವನೇ? ಹೊಟ್ಟೆಕಿಚ್ಚು. ಇದಕ್ಕಿಂತ ನಯವಾದ ಹೆಸರು ನನ್ನಲ್ಲಿಲ್ಲ.

ಸಂಜೆ ಅವರನ್ನು ಇಬ್ಬರು ಹಿಡಿದು ಇಳಿಸಿದರು. ನಗುತ್ತಿದ್ದರು. ಸಹನಾ ಧಾರೆಯ ಸೀರೆಯಲ್ಲಿ ಅಪ್ಪನನ್ನು ನೋಡುತ್ತ ನಿಂತುಬಿಟ್ಟಳು. ನಾನು ಕೈತೊಳೆಯುವ ಜಾಗಕ್ಕೆ ಹೋಗಿ, ಆ ಫೋನಿನಲ್ಲಿದ್ದ ನಾಲ್ಕು ಕರೆಗಳ ಗುರುತನ್ನು ಒಂದೊಂದಾಗಿ ಅಳಿಸಿದೆ. ಹೆಬ್ಬೆರಳಿಗೆ ಅರಿಶಿನ ಹತ್ತಿತ್ತು.

ಮುಂದಿನ ಒಂದೂವರೆ ವರ್ಷವನ್ನು ಉದ್ದ ಬರೆಯಲಾರೆ. ಮೊದಲ ಹಬ್ಬಕ್ಕೆ ಬಂದ ಮಗಳು ಅಳಿಯನನ್ನು ಕರೆದುಕೊಂಡು ಅದೇ ದಿನ ಹೊರಟುಹೋದಳು. ಹನುಮಂತಣ್ಣ ಎಷ್ಟೋ ಸಲ ಫೋನು ಮಾಡಿದರು, ಇವರು ಎತ್ತಲಿಲ್ಲ. ಒಮ್ಮೆ ಮನೆಗೇ ಬಂದರು. ಇವರು ಒಳಕೋಣೆಯ ಬಾಗಿಲು ಹಾಕಿಕೊಂಡು ಅಲ್ಲಿಂದಲೇ ಕೂಗಿದರು: "ಬೇಕಾದ ದಿನ ಇರ್ಲಿಲ್ಲ. ಈಗ ಯಾಕ ಬಂದಿ?" ಹನುಮಂತಣ್ಣ ನನ್ನ ಕಡೆ ನೋಡಿದರು, ಆ ಮಾತು ನಾನೇ ಆಡಲಿ ಎನ್ನುವಂತೆ. ನಾನು ನೆಲ ನೋಡಿದೆ. ಆಗ ಬಾಯಿ ಬಿಟ್ಟಿದ್ದರೂ — ಬಿಡಲಿಲ್ಲ. ಅವರು ಹೊರಟುಹೋದರು. ಆಮೇಲೆ ಮೇದೋಜೀರಕ ಗ್ರಂಥಿ ಬಾತು ಆಸ್ಪತ್ರೆ ಸೇರಿದ್ದು, ಇನ್ನೊಮ್ಮೆ ಕುಡಿದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದು, ಎರಡನೆಯ ಸಲ ಕೇಂದ್ರಕ್ಕೆ ಸೇರಿಸಿದ್ದು.

ಈಗ ಬಿಟ್ಟು ಒಂಬತ್ತು ತಿಂಗಳು. ಮತ್ತೆ ಶೇಂಗಾ-ಬೆಲ್ಲ, ಮತ್ತೆ ಕಾಲುವೆಯ ದಾರಿ. ಭಾನುವಾರ ಹನುಮಂತಣ್ಣ ಇರುತ್ತಾರೆಂದು ಬುಧವಾರದ ಸಭೆಗೆ ಹೋಗುತ್ತಾರೆ. ಈ ಸಲ ಕೇಂದ್ರದಿಂದ ಒಂದು ಹಾಳೆ ಕೊಟ್ಟಿದ್ದಾರೆ, ಫ್ರಿಜ್ಜಿನ ಮೇಲೆ ಅಂಟಿಸಿದ್ದೇವೆ. ಯಾವ ಹೊತ್ತು ನನಗೆ ಅಪಾಯ, ಯಾವ ಜಾಗಕ್ಕೆ ಹೋಗಬಾರದು, ಆಸೆ ಬಂದಾಗ ಮೊದಲ ಹತ್ತು ನಿಮಿಷ ಏನು ಮಾಡುತ್ತೇನೆ — ಎಲ್ಲದರ ಮುಂದೆ ಅವರ ಓರೆ ಅಕ್ಷರ. 'ಮೊದಲು ಯಾರಿಗೆ ಫೋನು ಮಾಡುತ್ತೇನೆ' ಎನ್ನುವುದರ ಮುಂದೆ ಮಾತ್ರ ಏನೂ ಇಲ್ಲ. ದಿನಾ ಫ್ರಿಜ್ಜು ಒರೆಸುವಾಗ ಆ ಖಾಲಿ ಜಾಗದ ಸುತ್ತ ನನ್ನ ಬಟ್ಟೆ ನಿಧಾನವಾಗುತ್ತಿತ್ತು.

ಹೋದ ತಿಂಗಳು ಒಂದು ನಡುಮಧ್ಯಾಹ್ನ ಅಂಗಡಿಯಿಂದ ಎದ್ದು ಬಂದರು. ಚಪ್ಪಲಿ ಸಮೇತ ಹಾಲಿಗೆ ಬಂದು ಕುಳಿತರು. ಅಂಗಿ ಬೆನ್ನಿಗೆ ಅಂಟಿತ್ತು. ಕೈಯಲ್ಲಿ ಫೋನು, ಹೆಬ್ಬೆರಳು ಹೆಸರುಗಳ ಮೇಲೆ ಮೇಲೆ-ಕೆಳಗೆ ಓಡಾಡಿತು. ಕೊನೆಗೆ ಫೋನನ್ನು ಬೋರಲು ಹಾಕಿದರು.

"ಯಾರಿಗರ ಮಾಡ್ರಿ," ಎಂದೆ.

"ಯಾರಿಗ ಮಾಡ್ಲಿ? ಹನುಮಂತನಂಥಾ ಹನುಮಂತನ ಅವತ್ತ ಮಾಡ್ಲಿಲ್ಲ. ಅವನ ಮರ್ತ ಮ್ಯಾಲ ಇನ್ನ ಯಾರ್ ನೆನಸ್ತಾರ?"

ಮಜ್ಜಿಗೆ ಕೊಟ್ಟೆ. ಎದುರಿಗೆ ಕುಳಿತೆ. ಆ ಒಂದು ಗಂಟೆ ಹೇಗೋ ಕಳೆಯಿತು. ಆದರೆ ಮುಂದಿನ ಗಂಟೆ? ನನ್ನ ಒಂದು 'ಇಲ್ಲ' ಅವರೊಳಗೆ ಬೇರು ಬಿಟ್ಟು, ಅವರು ಕೈ ಚಾಚಬಹುದಾದ ಎಲ್ಲ ಕಡೆ ಗೋಡೆ ಕಟ್ಟಿದೆ — ಇದು ನನಗೆ ಅವತ್ತು ಕಣ್ಣಿಗೆ ಕಂಡಂತೆ ಕಂಡಿತು. ಹೇಳಿದರೆ ಆ ಸಿಟ್ಟಿಗೇ ಕುಡಿದಾರು. ಹೇಳದಿದ್ದರೆ ಒಬ್ಬರೇ ಕುಳಿತು ಕುಡಿದಾರು. ಎರಡರಲ್ಲಿ ಒಂದನ್ನು ಆರಿಸಬೇಕಾದವಳು ನಾನು.

ಶಾಲೆಯಲ್ಲಿದ್ದಾಗ ಕ್ರೈಸ್ತ ಗೆಳತಿಯರು ಶುಕ್ರವಾರ ಚರ್ಚಿನ ಮರದ ಪರದೆಯ ಹಿಂದೆ ಮಂಡಿಯೂರಿ ತಪ್ಪು ಹೇಳಿಕೊಂಡು, ಹಗುರಾಗಿ ಓಡಿ ಬರುತ್ತಿದ್ದರು. ನಮಗೂ ಅದಿದ್ದರೆ ಎಂದು ಅಸೂಯೆಪಡುತ್ತಿದ್ದೆ. ಪರದೆ ಇದ್ದರೆ ಸುಲಭ. ಎದುರಿಗೆ ಕುಳಿತು ಪೇಪರು ಓದುತ್ತಿರುವ ಮನುಷ್ಯನಿಗೆ ಹೇಳುವುದು ಬೇರೆ.

ಮರುದಿನ ಬೆಳಿಗ್ಗೆ ಮೆಂತ್ಯದ ಸೊಪ್ಪು ಬಿಡಿಸುತ್ತ ಹೇಳಿದೆ. "ಹನುಮಂತಣ್ಣ ಅವತ್ತ ಫೋನ್ ಮಾಡಿದ್ರು."

"ಯಾವತ್ತ?"

"ಮದುವಿ ದಿನ."

ಪೇಪರು ಕೆಳಗಿಳಿಯಿತು. "ಎಷ್ಟ ಸಲ?"

"ನಾಕ ಸಲ."

"ನಾ ಕೇಳಿದಾಗ?"

"ಅದಕ್ಕೂ ಮೊದಲ ಮೂರ ಸಲ ಮಾಡಿದ್ರು. ನೀವು ಮ್ಯಾಲ ಹೋದ ಮ್ಯಾಲ ಒಂದು." ಇಷ್ಟು ಹೇಳಿ ನಿಲ್ಲಿಸಬಾರದು ಎಂದು ಉಳಿದದ್ದನ್ನೂ ಹೇಳಿದೆ — ಮದುವೆಗೆ ಬರಬೇಡಿ ಎಂದು ಹನುಮಂತಣ್ಣನಿಗೆ ಹೇಳಿದ್ದು, ಪತ್ರಿಕೆ ಬಚ್ಚಿಟ್ಟದ್ದು, ಕರೆಗಳನ್ನು ಅಳಿಸಿದ್ದು, ಕಾಗದದ ಲೋಟ ಕೂಡ.

ಅವರು ಪೇಪರನ್ನು ನಾಲ್ಕಾಗಿ ಮಡಿಚಿ ಕುರ್ಚಿಯ ಮೇಲಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಂಗಡಿಯ ಕೀಲಿ ಮೊಳೆಯಲ್ಲೇ ತೂಗುತ್ತಿತ್ತು.

ಆ ದಿನ ನಾನು ಫೋನು ಮಾಡಲಿಲ್ಲ, ಯಾರನ್ನೂ ಹುಡುಕಲು ಕಳಿಸಲಿಲ್ಲ. ಸೊಪ್ಪು ತಟ್ಟೆಯಲ್ಲೇ ಬಾಡಿತು. ರಸ್ತೆಯಲ್ಲಿ ಆಟೋ ನಿಂತ ಸದ್ದಾದಾಗಲೆಲ್ಲ, ಯಾರೋ ಇಬ್ಬರು ಅವರನ್ನು ಹಿಡಿದು ಇಳಿಸುತ್ತಿದ್ದಾರೆ ಎಂದು ಕಿಟಕಿಗೆ ಹೋಗಿ ನೋಡುತ್ತಿದ್ದೆ. ಅಂದು ಅವರು ಕುಡಿದಿದ್ದರೆ ಅದೂ ನನ್ನದೇ. ನಿಜ ಹೇಳಿದ್ದರಿಂದ ಅದು ಬೇರೆಯವರದಾಗುತ್ತಿರಲಿಲ್ಲ.

ಐದರ ಹೊತ್ತಿಗೆ ಬಂದರು, ತಾವಾಗಿ ನಡೆದು. ಪ್ಯಾಂಟಿನ ಅಂಚಿಗೆ ಕೆಂಪು ಮಣ್ಣು. ನನಗರಿವಿಲ್ಲದೆ ಒಂದು ಹೆಜ್ಜೆ ಹತ್ತಿರ ಹೋಗಿ ಉಸಿರೆಳೆದುಕೊಂಡೆ.

"ಮೂಸಬ್ಯಾಡ," ಎಂದರು. "ಕುಡದಿಲ್ಲ."

ನೀರು ಕೇಳಲಿಲ್ಲ. ತಾವೇ ತೆಗೆದುಕೊಂಡು ಕುಡಿದರು. ಆಮೇಲೆ ಗೋಡೆ ನೋಡುತ್ತ ಹೇಳಿದರು: "ಚೋರನೂರಿಗೆ ಹೋಗಿದ್ದೆ. ಅವತ್ತ ಅವ ಎಲ್ಲಿದ್ದ ಗೊತ್ತೇನು ನಿನಗ? ಮಂಟಪದ ಎದುರಿಗೆ ಚಾದ ಅಂಗಡ್ಯಾಗ. ಮುಂಜಾನಿಂದ. ಕರೀಲಿಲ್ಲಂತ ಒಳಗ ಬರ್ಲಿಲ್ಲ. ಫೋನ್ ಎತ್ತಿದ್ರ ಹೊರಗ ಬರಾಕ ಹೇಳೋನಿದ್ದ. ನಾ ಮ್ಯಾಲ ಹತ್ತೋದು ಬಿಟ್ಟು ರಸ್ತಿ ದಾಟಿದ್ರ ಸಾಕಿತ್ತು, ಅವ ಅಲ್ಲೇ ಇದ್ದ."

ಇದು ನನಗೆ ಗೊತ್ತಿರಲಿಲ್ಲ.

"ನಿನ್ನ ಮ್ಯಾಲ ಭಾಳ ಸಿಟ್ಟು ಬಂದೈತಿ, ಶೈಲಾ. ಸಿಟ್ಟು ಒಳಗ ಇಟಗಂಡ್ರ ನಾ ಕುಡೀತೀನಿ. ಅದಕ್ಕ ಹೇಳಾಕತ್ತೀನಿ. ಎಷ್ಟ ದಿನ ಇರ್ತೈತೋ ನನಗ ಗೊತ್ತಿಲ್ಲ. ನೀ ಕೇಳಬ್ಯಾಡ." ಹೇಳಿ ಸಹನಾಳ ಕೋಣೆಗೆ ಹೋದರು. ಈಗಲೂ ಅಲ್ಲೇ ಮಲಗುತ್ತಾರೆ.

ಮರುದಿನ ಕಂಪ್ಲಿಗೆ ಫೋನು ಮಾಡಿ ಗಿರಿಜಕ್ಕನಿಗೆ ಹೇಳಿದೆ: ಹರಕೆ ಇರಲಿಲ್ಲ, ಅವರಿಗೆ ಕುಡಿತದ ಕಾಯಿಲೆ, ಅದು ಮುಗಿಯುವಂಥದ್ದಲ್ಲ, ಇನ್ನು ಮುಂದೆ ಯಾರೂ ಒತ್ತಾಯ ಮಾಡಬಾರದು. "ದೇವರ ಹೆಸರ ಮ್ಯಾಲ ಸುಳ್ಳು ಹೇಳಿದೇನ?" ಎಂದರು. ಹೌದಕ್ಕ ಎಂದೆ. ಫೋನು ಇಟ್ಟರು. ಮಗಳಿಗೂ ಹೇಳಿದೆ. ಅವಳು ಇನ್ನೂ ತಿರುಗಿ ಫೋನು ಮಾಡಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಹನುಮಂತಣ್ಣ ಗೇಟಿನ ಹತ್ತಿರ ಬಂದು ನಿಂತರು. ಇವರು ಅಂಗಿ ಹಾಕಿಕೊಳ್ಳುತ್ತಿದ್ದರು. ನಾನು ಹೊರಗೆ ಹೋದೆ. ಕೈಮುಗಿಯಲು ಹೋದವಳು, ಅದೂ ನಾಟಕದಂತೆ ಕಂಡೀತೆಂದು ಬಿಟ್ಟೆ. "ಒಳಗ ಬರ್ರಿ" ಎಂದೆ.

"ಬ್ಯಾಡ್ರಿ ಅಕ್ಕಾರ. ನಿಮಗ ಏನನ್ನಬೇಕೋ ನನಗಿನ್ನೂ ತಿಳದಿಲ್ಲ. ಅವರನ್ನ ಕರೀರಿ, ಸಭಾಕ ಹೊತ್ತಾತು."

ಕರೆದೆ. ಇಬ್ಬರೂ ಹೊರಟರು. ತಿರುವಿನ ತನಕ ನಮ್ಮವರು ಕೈಯಾಡಿಸುತ್ತ ಏನೋ ಹೇಳುತ್ತಲೇ ಇದ್ದರು. ಹನುಮಂತಣ್ಣ ತಲೆ ಬಗ್ಗಿಸಿ ಕೇಳುತ್ತಿದ್ದರು. ಬಹುಶಃ ನನ್ನ ವಿಷಯವೇ. ಆಡಲಿ. ಆಡಿ ಮುಗಿಯದಿದ್ದರೆ ಸಂಜೆ ಫೋನಿನಲ್ಲಿ ಆಡಲಿ. ಆಗ ಆ ಕಡೆಯ ದನಿ ಯಾರದು, ಏನು ಹೇಳಿತು ಎಂದು ಕೇಳಲು ನಾನು ಬಾಗಿಲ ಮರೆಗೆ ಹೋಗಿ ನಿಲ್ಲುವುದಿಲ್ಲ.